ಕಿರುಪದಗಳ ಕಾರುಬಾರು

ಬಳ್ಳಾರಿಯಲ್ಲಿ ಜೀನ್ಸ್ ಉಡುಪು ಹೊಲಿಯುವ ಒಂದು ಸಣ್ಣ ಕಾರ್ಖಾನೆ. ಹೊರರಾಜ್ಯದ ವ್ಯಾಪಾರಿಯೊಬ್ಬನಿಂದ ಅಲ್ಲಿಯ ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲಿನ ಒಕ್ಕಣೆ ಬಂದಿತೆಂದಿರಲಿ: ‘ದಿ ಆರ್ಡರ್ ಹ್ಯಾಸ್ ಬೀನ್ ಪುಟ್ ಆಫ್.’ ಗುಮಾಸ್ತ ಓದುಬರಹ ಬಾರದವನಲ್ಲ; ಬಿ.ಕಾಂ. ಮುಗಿಸಿದವನು. ಆ ವಾಕ್ಯದಲ್ಲಿ ಅವನಿಗೆ ತಿಳಿಯದ ಪದ ಒಂದೂ ಇಲ್ಲ. ‘ಪುಟ್’ ಎಂದರೆ ಇಡುವುದು. ಪ್ರಾಥಮಿಕ ಶಾಲೆಯಲ್ಲಿಯೇ ಕಲಿತದ್ದು. ‘ಆಫ್’ ಎಂಬುದನ್ನಂತೂ ದಿನಕ್ಕೆ ಹತ್ತು ಸಲ ಅವನೇ ಆಡುತ್ತಾನೆ: ದೀಪ ಆಫ್, ಫ್ಯಾನ್ ಆಫ್, ಮೋಟಾರ್ ಆಫ್. ಆಫ್ ಆದುದೆಂದರೆ ಆರಿದುದು, ನಿಂತುದು. ಹೀಗೆ ತರ್ಕಿಸಿ, ಆರ್ಡರು ಕೈತಪ್ಪಿತೆಂದು ಆತ ಮಾಲೀಕನಿಗೆ ವರದಿ ಒಪ್ಪಿಸುತ್ತಾನೆ. ಮಾಲೀಕ ಕತ್ತರಿಸಿಟ್ಟ ಬಟ್ಟೆಯನ್ನು ಬಂದಷ್ಟು ಬೆಲೆಗೆ ಬೇರೆಯವರಿಗೆ ದಾಟಿಸಿ, ಹೊಲಿಗೆಯ ಹೆಣ್ಣುಮಕ್ಕಳಿಗೆ ‘ಮುಂದಿನ ವಾರ ಬರುವುದು ಬೇಡ’ ಎನ್ನುತ್ತಾನೆ. ಹದಿನೈದು ದಿನಗಳ ಮೇಲೆ ಅದೇ ವ್ಯಾಪಾರಿ, ‘ಮಾಲು ಸಿದ್ಧವಾಯಿತೇ?’ ಎಂದು ವಿಚಾರಿಸುತ್ತಾನೆ. ಆರ್ಡರನ್ನು ಕೆಲವು ದಿನ ಮುಂದೂಡಲಾಗಿದೆ ಎಂಬುದಷ್ಟೇ ಅವನು ತಿಳಿಸಿದ್ದ ಸಂಗತಿ. ರದ್ದಾಗಿದ್ದರೆ ಅವನು ‘ಕಾಲ್ಡ್ ಆಫ್’ ಎಂದಿರುತ್ತಿದ್ದ.

ಎರಡರಲ್ಲಿಯೂ ‘ಆಫ್’ ಇದೆ. ಒಂದರಲ್ಲಿ ಆರ್ಡರು ಬದುಕಿದೆ, ಇನ್ನೊಂದರಲ್ಲಿ ಸತ್ತಿದೆ. ನಡುವೆ ಹತ್ತಾರು ಮನೆಗಳ ಎರಡು ವಾರದ ಕೂಲಿ ಇದೆ.

ಇಂಗ್ಲಿಷ್ ಕಲಿಯುವ ಕನ್ನಡಿಗನನ್ನು ಕಂಗೆಡಿಸುವುದು ದೊಡ್ಡ ಪದಗಳಲ್ಲ. ದೊಡ್ಡ ಪದ ಎದುರಾದರೆ ಆತ ನಿಘಂಟನ್ನು ತೆರೆಯುತ್ತಾನೆ, ಅರ್ಥ ಅಲ್ಲಿ ಸಿದ್ಧವಾಗಿರುತ್ತದೆ. ಕಂಗೆಡಿಸುವವು ಅಪ್, ಡೌನ್, ಇನ್, ಔಟ್, ಆನ್, ಆಫ್, ಬ್ಯಾಕ್, ಅವೇ, ಓವರ್ ಎಂಬ ಚಿಲ್ಲರೆ ಮಾತುಗಳು. ಗಿವ್, ಟೇಕ್, ಪುಟ್, ಗೆಟ್, ಲುಕ್, ಟರ್ನ್ ಮೊದಲಾದ ಸಾಧಾರಣ ಕ್ರಿಯಾಪದಗಳ ಬೆನ್ನಿಗೆ ಇವು ಹತ್ತಿಕೊಂಡವೆಂದರೆ ಅರ್ಥ ಎಲ್ಲಿಂದೆಲ್ಲಿಗೋ ಹಾರುತ್ತದೆ. ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ‘ಗಿವ್ ಇನ್’ ಎಂದರೆ ಮಣಿ. ‘ಗಿವ್ ಅವೇ’ ಎಂದರೆ ದಾನಮಾಡು, ಸಮಯ ಬಂದರೆ ಗುಟ್ಟು ರಟ್ಟುಮಾಡು. ಇಂಥ ಜೋಡಿಗಳಿಗೆ ಇಂಗ್ಲಿಷ್ ವೈಯಾಕರಣರು ‘ಫ್ರೇಸಲ್ ವರ್ಬ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಜೋಡುಕ್ರಿಯಾಪದ ಎನ್ನಬಹುದು. ಬೆನ್ನಿಗೆ ಬರುವುದನ್ನು ಕಿರುಪದ ಎನ್ನಬಹುದು. ಆ ಹೆಸರು ತೀರ ಹಳೆಯದೇನೂ ಅಲ್ಲ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತನ್ನ ಗ್ರಂಥವೊಂದರಲ್ಲಿ ಇದನ್ನು ಬಳಕೆಗೆ ತಂದು, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರ್ಯಾಡ್ಲಿ ಸೂಚಿಸಿದ ಹೆಸರಿದು ಎಂದು ಋಣ ಸ್ಮರಿಸಿದನು. ಹೆಸರಿಲ್ಲದ ಕಾಲದಲ್ಲಿಯೂ ತೊಡಕು ಇದ್ದೇ ಇತ್ತು. 1755ರಲ್ಲಿ ತನ್ನ ಮಹಾನಿಘಂಟನ್ನು ಹೊರತಂದ ಡಾಕ್ಟರ್ ಜಾನ್ಸನ್, ಪರದೇಶೀಯರಿಗೆ ಅತ್ಯಂತ ಕಷ್ಟಕೊಡುವ ಭಾಗ ಇದೆಂದು ಅದರ ಮುನ್ನುಡಿಯಲ್ಲಿಯೇ ಗುರುತಿಸಿದ್ದನು.

ಬಳ್ಳಾರಿಯವರಿಗೆ ಈ ತೊಡಕು ತುಸು ಹೆಚ್ಚಾಗಿಯೇ ಅಂಟಿಕೊಂಡುದಕ್ಕೆ ಊರಿನ ಚರಿತ್ರೆಯಲ್ಲಿಯೇ ಕಾರಣವುಂಟು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಂದಿಗೆ ಬಳ್ಳಾರಿ ಕುಂಪಣಿಯ ಕೈಸೇರಿತು. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಕೂಡುವವರೆಗೆ ಅದು ಮದರಾಸಿನ ಆಡಳಿತದಲ್ಲಿತ್ತು. ಒಂದೂವರೆ ಶತಮಾನ ಊರಿನ ಒಂದು ಪಾರ್ಶ್ವದಲ್ಲಿ ದಂಡು, ಇನ್ನೊಂದು ಪಾರ್ಶ್ವದಲ್ಲಿ ಕಚೇರಿ. ದಂಡಿನ ಸೋಲ್ಜರರು ಆಡುತ್ತಿದ್ದ ಇಂಗ್ಲಿಷ್ ಬೇರೆ, ಕಚೇರಿಯ ಕಡತದಲ್ಲಿದ್ದ ಇಂಗ್ಲಿಷ್ ಬೇರೆ. ಮಾತಿನ ಇಂಗ್ಲಿಷು ‘ಪುಟ್ ಆಫ್’ ಎನ್ನುವಲ್ಲಿ ಕಡತದ ಇಂಗ್ಲಿಷು ‘ಪೋಸ್ಟ್‌ಪೋನ್’ ಎನ್ನುತ್ತದೆ. ‘ಟರ್ನ್ ಡೌನ್’ ಎನ್ನುವಲ್ಲಿ ‘ರಿಜೆಕ್ಟ್’, ‘ಕಾಲ್ ಆಫ್’ ಎನ್ನುವಲ್ಲಿ ‘ಕ್ಯಾನ್ಸಲ್’. ಮೊದಲನೆಯವು ಆ ಭಾಷೆಯ ಮನೆಮಾತು. ಎರಡನೆಯವು ಲ್ಯಾಟಿನ್ ಮತ್ತು ಫ್ರೆಂಚಿನಿಂದ ಬಂದ ಸಭಾಮರ್ಯಾದೆಯ ಮಾತು. ಕನ್ನಡದಲ್ಲಿ ‘ಕೈಬಿಡು’ ಎಂಬುದರ ಪಕ್ಕದಲ್ಲಿ ‘ಪರಿತ್ಯಜಿಸು’ ಕುಳಿತಂತೆ. ವಕೀಲರು, ಶಿರಸ್ತೇದಾರರು, ಉಪಾಧ್ಯಾಯರು ಕಲಿತು ಕಲಿಸಿದುದು ಈ ಎರಡನೆಯದನ್ನೇ. ಆದ್ದರಿಂದ ‘ಪೋಸ್ಟ್‌ಪೋನ್’ ಎಂದೊಡನೆ ತಿಳಿಯುವ ಗುಮಾಸ್ತನಿಗೆ ‘ಪುಟ್ ಆಫ್’ ತಿಳಿಯದೆ ಹೋಗುವುದರಲ್ಲಿ ಸೋಜಿಗವಿಲ್ಲ. ಭಾರತೀಯರು ‘ಪೋಸ್ಟ್‌ಪೋನ್’ಗೆ ಎದುರಾಗಿ ‘ಪ್ರಿಪೋನ್’ ಎಂಬ ಪದವನ್ನು ತಾವೇ ಕಟ್ಟಿಕೊಂಡರು. ಆ ಕೆಲಸಕ್ಕೆ ‘ಬ್ರಿಂಗ್ ಫಾರ್ವರ್ಡ್’ ಎಂಬ ಜೋಡಿ ಇಂಗ್ಲಿಷಿನಲ್ಲಿ ಮೊದಲೇ ಇತ್ತು, ಆದರೆ ಕಡತದ ಇಂಗ್ಲಿಷಿನಲ್ಲಿ ಬೆಳೆದವರಿಗೆ ಅದು ಕಣ್ಣಿಗೆ ಬೀಳಲಿಲ್ಲ.

ಇಂಗ್ಲಿಷರ ಕಡೆಯಿಂದ ಕನ್ನಡಕ್ಕೆ ಬಂದವರ ಪಾಡೇನು ಸುಲಭವಾಗಿರಲಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದನು. ಅವನೊಡನೆ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದನು. ಇಂಗ್ಲಿಷ್ ಬೈಬಲ್ಲಿನ ತುಂಬ ‘ಗೋ ಅಪ್’, ‘ರೈಸ್ ಅಪ್’, ‘ಕ್ಯಾಸ್ಟ್ ಔಟ್’ ಎಂಬ ಜೋಡಿಗಳು. ‘ಕ್ಯಾಸ್ಟ್’ ಎಂದರೆ ಎಸೆ, ‘ಔಟ್’ ಎಂದರೆ ಹೊರಗೆ. ಎರಡನ್ನೂ ಬಿಡಿಬಿಡಿಯಾಗಿ ತಂದರೆ ದೆವ್ವವನ್ನು ಹೊರಗೆಸೆದಂತಾಗುತ್ತದೆ. ಕನ್ನಡ ನಾಡಿನಲ್ಲಿ ದೆವ್ವವನ್ನು ಯಾರೂ ಎಸೆಯುವುದಿಲ್ಲ, ಬಿಡಿಸುತ್ತಾರೆ. ಇಂಗ್ಲಿಷಿನ ಎರಡು ಪದಗಳ ಭಾರವನ್ನು ಕನ್ನಡದ ಒಂದೇ ಪದ ಹೊರುವುದುಂಟು. ಒಮ್ಮೊಮ್ಮೆ ಇದಕ್ಕೆ ತಿರುಗುಮುರುಗು. ನಿಘಂಟು ಬರೆಯುವವನು ಎದುರಿಸಬೇಕಾದ ಕಷ್ಟ ಇದು: ಅವನು ಪದಗಳನ್ನು ಒಂದೊಂದಾಗಿ ಸಾಲಾಗಿ ನಿಲ್ಲಿಸುತ್ತಾನೆ, ಅರ್ಥ ಮಾತ್ರ ಎರಡರ ನಡುವಿನ ಸಂದಿಯಲ್ಲಿರುತ್ತದೆ.

ಹಾಗಾದರೆ ಕನ್ನಡದಲ್ಲಿ ಇಂಥ ಜೋಡಿಗಳಿಲ್ಲವೇ? ಧಾರಾಳವಾಗಿವೆ. ಮನೆಯಲ್ಲಿಯೇ ಇರುವುದರಿಂದ ಗಮನಕ್ಕೆ ಬಾರವು, ಅಷ್ಟೆ. ‘ತಿಂದುಬಿಡು’ ಎಂಬುದನ್ನು ಕನ್ನಡ ಕಲಿಯುವ ಇಂಗ್ಲಿಷನೊಬ್ಬನ ಮುಂದಿಟ್ಟರೆ, ‘ತಿಂದ ಮೇಲೆ ಏನನ್ನು ಬಿಡಬೇಕು?’ ಎಂದು ಅವನು ಕೇಳುವುದು ನ್ಯಾಯವೇ ಆಗಿದೆ. ಬಿಡುವುದು ಏನೂ ಇಲ್ಲ. ತಿನ್ನುವ ಕೆಲಸ ಪೂರ್ತಿಯಾಗಲಿ ಎಂಬುದಕ್ಕೆ ‘ಬಿಡು’ ಮುದ್ರೆ ಒತ್ತುತ್ತದೆ. ಇಂಗ್ಲಿಷಿನ ‘ಈಟ್ ಅಪ್’ ಎಂಬಲ್ಲಿಯ ‘ಅಪ್’ ಮಾಡುವುದೂ ಅದನ್ನೇ; ಅಲ್ಲಿ ಮೇಲಕ್ಕೆ ಹೋಗುವುದು ಏನೂ ಇಲ್ಲ. ‘ಬರೆದುಕೋ’ ಎಂಬುದರ ‘ಕೋ’, ‘ರೈಟ್ ಡೌನ್’ ಎಂಬುದರ ‘ಡೌನ್’. ‘ಕಿತ್ತುಹಾಕು’ ಎಂಬುದರ ‘ಹಾಕು’, ‘ಪುಲ್ ಔಟ್’ ಎಂಬುದರ ‘ಔಟ್’. ‘ಹೊಗೆಸೊಪ್ಪು ಬಿಟ್ಟುಬಿಟ್ಟ’ ಎಂಬ ವಾಕ್ಯದಲ್ಲಿ ಒಂದೇ ಕ್ರಿಯಾಪದ ಎರಡು ಸಲ ಬಂದು, ಮೊದಲನೆಯದು ನಿಜವಾಗಿಯೂ ಬಿಡುತ್ತದೆ, ಎರಡನೆಯದು ಬಿಟ್ಟುದು ಗಟ್ಟಿಯಾಯಿತೆಂದು ಸಾಕ್ಷಿ ಹೇಳುತ್ತದೆ. ಇದನ್ನು ನಿರಾಯಾಸವಾಗಿ ಆಡುವ ಐದು ವರ್ಷದ ಮಗುವಿಗೆ ‘ಗಿವ್ ಅಪ್’ ಮುಂದೆ ಅಸಾಧ್ಯವೆನಿಸಬೇಕಾದ ಕಾರಣ ಕಾಣದು.

ಬಳ್ಳಾರಿಯ ಬಜಾರಿನಲ್ಲಂತೂ ಈ ವಿದ್ಯೆ ಮೂರು ಭಾಷೆಗಳಲ್ಲಿ ಒಟ್ಟಿಗೆ ನಡೆಯುತ್ತದೆ. ಕನ್ನಡದವನು ‘ತಿಂದುಹಾಕು’ ಎಂದರೆ, ತೆಲುಗಿನವನು ‘ತಿನೆಯ್ಯಿ’ ಎನ್ನುತ್ತಾನೆ. ಅದು ‘ತಿನಿವೇಯು’ ಎಂಬುದರ ಸವೆದ ರೂಪ. ‘ವೇಯು’ ಎಂದರೂ ಹಾಕುವುದೇ. ಪಕ್ಕದ ಅಂಗಡಿಯ ದಖ್ಖನಿ ಉರ್ದುವಿನಲ್ಲಿ ‘ಖಾ ಡಾಲೋ’. ‘ಡಾಲ್ನಾ’ ಎಂದರೂ ಹಾಕುವುದೇ. ಮೂರು ಭಾಷೆಗಳೂ ತಿನ್ನುವುದನ್ನು ಮುಗಿಸಲು ಹಾಕುವುದನ್ನು ಕರೆದಿವೆ. ಇಂಗ್ಲಿಷು ಅದೇ ಕೆಲಸಕ್ಕೆ ಮೇಲಕ್ಕೆ ಎಂಬುದನ್ನು ಕರೆದುಕೊಂಡಿತು. ಆಳು ಬೇರೆ, ಕೆಲಸ ಅದೇ.

ಇಷ್ಟು ಒಪ್ಪಿದರೆ ಮುಂದಿನ ಪ್ರಶ್ನೆಗೆ ಬರಬಹುದು. ನಿಜವಾದ ಮುಗ್ಗರಿಕೆ ಅಲ್ಲಿಯೇ ಆಗುವುದು. ವಾಕ್ಯಕ್ಕೆ ‘ಮೆಲ್ಲಗೆ’, ‘ಎಚ್ಚರಿಕೆಯಿಂದ’, ‘ಪೂರ್ತಿಯಾಗಿ’, ‘ಥಟ್ಟನೆ’ ಎಂಬ ಕ್ರಿಯಾವಿಶೇಷಣವೊಂದು ಬಂದಿತು. ಅದನ್ನು ಎಲ್ಲಿ ಕೂರಿಸಬೇಕು? ಕ್ರಿಯಾಪದದ ಮುಂದೆಯೇ, ಕಿರುಪದದ ಹಿಂದೆಯೇ, ಎರಡರ ಮಧ್ಯದಲ್ಲಿಯೇ? ಶಾಲೆಯ ವ್ಯಾಕರಣದಲ್ಲಿ ಜೋಡುಕ್ರಿಯಾಪದಗಳ ಪಟ್ಟಿ ಒಂದು ಪಾಠ, ಕ್ರಿಯಾವಿಶೇಷಣ ಇನ್ನೊಂದು ಪಾಠ. ಎರಡೂ ಒಂದೇ ವಾಕ್ಯದಲ್ಲಿ ಭೇಟಿಯಾದಾಗ ಏನಾಗುತ್ತದೆಂಬುದನ್ನು ಕಲಿಸುವ ಪಾಠ ಸಾಮಾನ್ಯವಾಗಿ ಇಲ್ಲ.

ಉತ್ತರ ಸಿರುಗುಪ್ಪದ ಅಕ್ಕಿಗಿರಣಿಯಲ್ಲಿದೆ ಎಂದರೆ ವಾಚಕರು ನಗಬಹುದು. ಭತ್ತದ ಸುಗ್ಗಿಯಲ್ಲಿ ಅಲ್ಲಿ ಹಮಾಲರಿಗೆ ದಿನವಿಡೀ ಬೀಳುವ ಅಪ್ಪಣೆ ಒಂದು: ‘ಚೀಲ ತೂಗಿ ಹಾಕು.’ ಅಂದರೆ, ತೂಕ ಮಾಡು, ಆಮೇಲೆ ಅತ್ತ ಹಾಕು. ಅದೇ ಹಮಾಲ ಮಧ್ಯಾಹ್ನ ಬೆವರಿದ ಅಂಗಿಯನ್ನು ಕಳಚಿ ಗೂಟಕ್ಕೆ ತೂಗಿಹಾಕುತ್ತಾನೆ. ಕಿವಿಗೆ ಎರಡೂ ಒಂದೇ. ಅರ್ಥ ಬೇರೆ. ಈ ಭೇದವನ್ನು ಪತ್ತೆಹಚ್ಚಲು ಸುಲಭವಾದ ಉಪಾಯವೊಂದಿದೆ: ನಡುವೆ ಒಂದು ಕ್ರಿಯಾವಿಶೇಷಣವನ್ನು ತೂರಿಸಿ ನೋಡುವುದು. ‘ಚೀಲ ತೂಗಿ ಮೆಲ್ಲಗೆ ಹಾಕು’ ಎನ್ನಬಹುದು. ಕೆಲಸ ಎರಡು ಇರುವುದರಿಂದ ನಡುವೆ ಜಾಗವಿದೆ. ‘ಅಂಗಿಯನ್ನು ಗೂಟಕ್ಕೆ ತೂಗಿ ಮೆಲ್ಲಗೆ ಹಾಕಿದ’ ಎಂದರೆ ಮಾತು ಕೆಟ್ಟಿತು. ಅಲ್ಲಿ ಕೆಲಸ ಒಂದೇ, ‘ತೂಗಿಹಾಕು’ ಬೆಸೆದುಹೋಗಿದೆ, ‘ಮೆಲ್ಲಗೆ’ ಎಂಬುದು ಹೊರಗೆ, ಮುಂದುಗಡೆಯೇ ನಿಲ್ಲಬೇಕು. ‘ಬಂದು ಬೇಗನೆ ಹೋದ’ ಎನ್ನಬಹುದು, ‘ಸತ್ತು ಬೇಗನೆ ಹೋದ’ ಎಂದು ಯಾರೂ ಅನ್ನರು. ಈ ನಿಯಮವನ್ನು ಹಮಾಲನಿಗೆ ಯಾವ ಪಂಡಿತನೂ ಕಲಿಸಿಲ್ಲ.

ಇಂಗ್ಲಿಷಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಕುರುಗೋಡಿನ ಬೆಟ್ಟದ ಬುಡದಲ್ಲಿ ನಿಂತು ಬಾಲಕನೊಬ್ಬ ಮೇಲಕ್ಕೆ ನೋಡುತ್ತಾನೆ: ‘ಹಿ ಲುಕ್ಡ್ ಅಪ್.’ ಮನೆಗೆ ಬಂದು ಪದವೊಂದರ ಅರ್ಥವನ್ನು ನಿಘಂಟಿನಲ್ಲಿ ಹುಡುಕುತ್ತಾನೆ: ‘ಹಿ ಲುಕ್ಡ್ ಅಪ್ ಎ ವರ್ಡ್.’ ಮೊದಲನೆಯದರಲ್ಲಿ ‘ಅಪ್’ ಇನ್ನೂ ಮೇಲಕ್ಕೇ ತೋರಿಸುತ್ತಿದೆ. ಆದ್ದರಿಂದ ‘ಹಿ ಲುಕ್ಡ್ ಸ್ಲೋಲಿ ಅಪ್’ ಎಂದು ನಡುವೆ ‘ಮೆಲ್ಲಗೆ’ ತೂರಿಸಬಹುದು. ಎರಡನೆಯದರಲ್ಲಿ ‘ಅಪ್’ ತನ್ನ ದಿಕ್ಕನ್ನು ಮರೆತು ‘ಲುಕ್’ನೊಂದಿಗೆ ಬೆಸೆದುಹೋಗಿದೆ, ‘ಹಿ ಲುಕ್ಡ್ ಸ್ಲೋಲಿ ಅಪ್ ಎ ವರ್ಡ್’ ಎಂದರೆ ಇಂಗ್ಲಿಷರ ಕಿವಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ. ‘ಷಿ ಟರ್ನ್ಡ್ ಶಾರ್ಪ್‌ಲಿ ಡೌನ್ ದ ಲೇನ್’ ಎನ್ನಬಹುದು. ಆಕೆ ಓಣಿಗೆ ಥಟ್ಟನೆ ತಿರುಗಿದಳು. ಅರ್ಜಿಯನ್ನು ತಳ್ಳಿಹಾಕಿದಳು ಎನ್ನುವಾಗ ‘ಷಿ ಫ್ಲ್ಯಾಟ್‌ಲಿ ಟರ್ನ್ಡ್ ಡೌನ್ ದಿ ಅಪ್ಲಿಕೇಷನ್’ ಎಂದು ಕ್ರಿಯಾವಿಶೇಷಣ ಮುಂದಕ್ಕೆ ಸರಿಯುತ್ತದೆ. ಕಿರುಪದಕ್ಕೆ ದಿಕ್ಕಿನ ನೆನಪು ಇದ್ದರೆ ನಡುವೆ ಜಾಗ ಉಂಟು, ದಿಕ್ಕು ಮರೆತಿದ್ದರೆ ಇಲ್ಲ. ಪಟ್ಟಿಯನ್ನು ಕಂಠಪಾಠ ಮಾಡುವುದಕ್ಕಿಂತ ಈ ಒಂದು ಕೀಲಿ ಹೆಚ್ಚು ಬಾಗಿಲುಗಳನ್ನು ತೆರೆಯುತ್ತದೆ.

ಹೀಗೆಂದ ಮಾತ್ರಕ್ಕೆ ಅಪವಾದಗಳಿಲ್ಲವೆಂದಲ್ಲ. ‘ರೈಟ್’ ಮತ್ತು ‘ಸ್ಟ್ರೈಟ್’ ಎಂಬ ಎರಡು ಪದಗಳಿಗೆ ನಡುಮನೆಯ ಪ್ರವೇಶ ಹೆಚ್ಚು ಸಲೀಸು. ಇಲ್ಲಿ ‘ರೈಟ್’ ಎಂದರೆ ಬಲಗಡೆಯೂ ಅಲ್ಲ, ಸರಿ ಎಂಬುದೂ ಅಲ್ಲ. ‘ಕಮ್ ಸ್ಟ್ರೈಟ್ ಬ್ಯಾಕ್’ ಎಂದರೆ ಎಲ್ಲಿಯೂ ನಿಲ್ಲದೆ ಹಿಂದಿರುಗಿ ಬಾ. ‘ಹಿ ಕೇಮ್ ರೈಟ್ ಇನ್’ ಎಂದರೆ ಒಳಗೇ ಬಂದುಬಿಟ್ಟ. ದಿಕ್ಕು ಮರೆತ ಕಿರುಪದದ ಮುಂದೆಯೂ ಈ ‘ರೈಟ್’ ಹಲವು ಸಲ ನಿಲ್ಲಬಲ್ಲದು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬೇಸಿಗೆಯಲ್ಲಿ ಬತ್ತಿತೆಂದರೆ ‘ದಿ ಕೆನಾಲ್ ಹ್ಯಾಸ್ ಡ್ರೈಡ್ ಅಪ್’. ಒಂದು ತೊಟ್ಟೂ ಉಳಿಯದಂತೆ ಬತ್ತಿತೆಂದರೆ ‘ಡ್ರೈಡ್ ರೈಟ್ ಅಪ್’. ಕನ್ನಡದಲ್ಲಿ ಇದಕ್ಕೆ ಸರಿದೊರೆಯಾದುದು ಯಾವುದು? ‘ಬತ್ತಿಹೋಯಿತು’ ಎಂಬುದರ ನಡುವೆ ಯಾವ ಪದವೂ ನುಸುಳದು. ನುಸುಳುವುದು ಒಂದೇ ಒಂದು ಅಕ್ಷರ, ‘ಏ’. ಕಾಲುವೆ ಬತ್ತಿಯೇ ಹೋಯಿತು. ಹುಡುಗ ಹಣ್ಣನ್ನು ತಿಂದೇ ಬಿಟ್ಟ. ಇಂಗ್ಲಿಷಿನ ‘ರೈಟ್’ ನಿಲ್ಲುವ ಜಾಗದಲ್ಲಿಯೇ, ಅದೇ ಒತ್ತನ್ನು ಕೊಡುತ್ತ, ಕನ್ನಡದ ‘ಏ’ ನಿಲ್ಲುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಸಂದಿಯನ್ನು ಒಂದೇ ಕೆಲಸಕ್ಕೆ ತೆರೆದಿಟ್ಟಿರುವುದು ಚೋದ್ಯವಲ್ಲವೇ?

ಕರ್ಮಪದವಿರುವ ವಾಕ್ಯದಲ್ಲಿ ಇನ್ನೊಂದು ಎಚ್ಚರ ಬೇಕು. ‘ಅವನು ಚೀಲವನ್ನು ಮೆಲ್ಲಗೆ ಕೆಳಗಿಟ್ಟ’ ಎಂಬಲ್ಲಿ ಚೀಲ ಮೊದಲು ಬಂದರೂ ಮೆಲ್ಲಗೆ ಮೊದಲು ಬಂದರೂ ಕನ್ನಡಕ್ಕೆ ಚಿಂತೆಯಿಲ್ಲ. ವಿಭಕ್ತಿಪ್ರತ್ಯಯ ಇರುವಾಗ ಪದ ಎಲ್ಲಿ ನಿಂತರೇನು? ಇಂಗ್ಲಿಷಿಗೆ ವಿಭಕ್ತಿಯ ಬಲವಿಲ್ಲ. ಅದಕ್ಕೆ ಸ್ಥಾನವೇ ಬಲ. ಕ್ರಿಯಾಪದ ಮತ್ತು ಕರ್ಮಪದಗಳ ನಡುವೆ ಕ್ರಿಯಾವಿಶೇಷಣ ನುಗ್ಗುವುದನ್ನು ಅದು ಸಹಿಸದು. ‘ಹಿ ಪುಟ್ ಸ್ಲೋಲಿ ದ ಬ್ಯಾಗ್ ಡೌನ್’ ಎಂಬುದು ಕನ್ನಡಿಗರು ಮೇಲಿಂದ ಮೇಲೆ ಬರೆಯುವ ತಪ್ಪು. ‘ಹಿ ಸ್ಲೋಲಿ ಪುಟ್ ದ ಬ್ಯಾಗ್ ಡೌನ್’ ಎನ್ನಬಹುದು, ‘ಹಿ ಪುಟ್ ದ ಬ್ಯಾಗ್ ಡೌನ್ ಸ್ಲೋಲಿ’ ಎನ್ನಬಹುದು. ‘ಡೌನ್’ಗೆ ದಿಕ್ಕಿನ ನೆನಪು ಇರುವುದರಿಂದ ‘ಹಿ ಪುಟ್ ದ ಬ್ಯಾಗ್ ಸ್ಲೋಲಿ ಡೌನ್’ ಎಂದರೂ ಸಲ್ಲುತ್ತದೆ. ಚೀಲದ ಬದಲು ‘ಅದು’ ಎಂಬ ಸರ್ವನಾಮ ಬಂದರೆ ಮಾತ್ರ ಅದು ನಡುವೆ ಕೂರಲೇಬೇಕು: ‘ಪುಟ್ ಇಟ್ ಡೌನ್’. ‘ಪುಟ್ ಡೌನ್ ಇಟ್’ ಎಂಬುದನ್ನು ಯಾವ ಇಂಗ್ಲಿಷನೂ ಆಡುವುದಿಲ್ಲ.

ತಹಶೀಲ್ದಾರರಿಗೆ ಬರೆಯುವ ಅರ್ಜಿಗಳಲ್ಲಿ ತಪ್ಪದೆ ಬರುವ ‘ಲುಕ್ ಇನ್‌ಟು ದ ಮ್ಯಾಟರ್’ ಎಂಬುದು ಮೇಲುನೋಟಕ್ಕೆ ಇದೇ ಜಾತಿಯದು. ಒಳಗೆ ಬೇರೆ. ಅಲ್ಲಿ ‘ಇನ್‌ಟು’ ತನ್ನ ಮುಂದಿನ ನಾಮಪದದ ಕೈಹಿಡಿದಿದೆ, ಕ್ರಿಯಾಪದದ್ದಲ್ಲ. ಹಾಗಾಗಿ ‘ಲುಕ್ ಕೇರ್‌ಫುಲ್ಲಿ ಇನ್‌ಟು ದ ಮ್ಯಾಟರ್’ ಎಂದು ನಡುವೆ ಬರೆದರೆ ತಪ್ಪಲ್ಲ. ‘ಕ್ಯಾರಿ ಔಟ್ ದಿ ಆರ್ಡರ್’ ಎಂಬಲ್ಲಿ ‘ಔಟ್’ ಕ್ರಿಯಾಪದಕ್ಕೆ ಅಂಟಿಕೊಂಡಿದೆ. ‘ಕ್ಯಾರಿ ಕೇರ್‌ಫುಲ್ಲಿ ಔಟ್’ ಎನ್ನಲಾಗದು. ಆಡುವಾಗ ಕಿವಿಗೊಟ್ಟರೂ ವ್ಯತ್ಯಾಸ ತಿಳಿಯುತ್ತದೆ. ‘ಕ್ಯಾರಿ ಔಟ್’ ಎನ್ನುವಾಗ ಇಂಗ್ಲಿಷರು ‘ಔಟ್’ ಮೇಲೆ ಒತ್ತು ಹಾಕುತ್ತಾರೆ. ‘ಲುಕ್ ಅಟ್ ಮಿ’ ಎನ್ನುವಾಗ ‘ಅಟ್’ ಎಂಬುದು ಕೇಳಿಯೂ ಕೇಳದಂತೆ ಜಾರಿಹೋಗುತ್ತದೆ.

ಸ್ಥಾನದ ಮಾತು ಇಷ್ಟಾಯಿತು. ಅದಕ್ಕಿಂತ ಸೂಕ್ಷ್ಮವಾದುದು ಕಿರುಪದಕ್ಕೂ ಕ್ರಿಯಾವಿಶೇಷಣಕ್ಕೂ ಇರುವ ಮನೋಧರ್ಮದ ಹೊಂದಾಣಿಕೆ. ವಧೂವರರಂತೆ ಇವೂ ಸಾಲಾವಳಿ ನೋಡಿಯೇ ಕೂಡುತ್ತವೆ. ಕಾಲುವೆಯ ನೀರಿನ ವಿಷಯವಾಗಿ ಸಿರುಗುಪ್ಪದ ಕಡೆಯ ರೈತನೊಬ್ಬನ ಕೈಗೆ ಇಂಗ್ಲಿಷ್ ಪ್ರಕಟಣೆಯೊಂದು ಸಿಕ್ಕಿತೆಂದಿರಲಿ. ನೀರನ್ನು ‘ಕಟ್ ಡೌನ್’ ಮಾಡಲಾಗುವುದು ಎಂದಿದ್ದರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎರಡನೆಯ ಬೆಳೆಯ ನಾಟಿಯನ್ನು ಸ್ವಲ್ಪ ಜಮೀನಿನಲ್ಲಾದರೂ ಮಾಡಬಹುದು. ‘ಕಟ್ ಆಫ್’ ಎಂದಿದ್ದರೆ ನೀರು ನಿಂತೇ ಹೋಗುತ್ತದೆ. ಸಸಿಮಡಿ ಹಾಕಿದುದೂ ದಂಡ. ‘ಡೌನ್’ಗೆ ಮೆಟ್ಟಿಲುಗಳುಂಟು, ಆದುದರಿಂದ ಅದರ ಜೊತೆಗೆ ‘ಸ್ಲೈಟ್‌ಲಿ’, ‘ಗ್ರ್ಯಾಜುಯಲಿ’, ‘ಕನ್ಸಿಡರಬ್ಲಿ’, ಅಂದರೆ ತುಸು, ಕ್ರಮೇಣ, ಬಹಳಮಟ್ಟಿಗೆ ಎಂಬ ಅಳತೆಯ ಮಾತುಗಳು ಸಲೀಸಾಗಿ ಬರುತ್ತವೆ. ‘ಆಫ್’ಗೆ ಮೆಟ್ಟಿಲಿಲ್ಲ, ಹೊಸ್ತಿಲೊಂದೇ. ಅದರ ಜೊತೆಗೆ ‘ಕಂಪ್ಲೀಟ್‌ಲಿ’, ‘ಸಡನ್ಲಿ’, ‘ಆಲ್ಟುಗೆದರ್’ ಬರುತ್ತವೆ. ‘ಸ್ಲೈಟ್‌ಲಿ ಕಟ್ ಆಫ್’ ಎಂದರೆ ತುಸುವೇ ಸತ್ತ ಎಂದಂತೆ.

ಆದ್ದರಿಂದ ಅಪರಿಚಿತ ಜೋಡಿಯೊಂದು ಎದುರಾದಾಗ ಅದರ ನೆಂಟನಾದ ಕ್ರಿಯಾವಿಶೇಷಣವನ್ನು ವಿಚಾರಿಸಿದರೆ ಅರ್ಧ ಗುಟ್ಟು ಹೊರಬೀಳುತ್ತದೆ. ಮೊದಲು ಕಂಡ ಗುಮಾಸ್ತನಿಗೆ ಬಂದ ಒಕ್ಕಣೆಯಲ್ಲಿ ‘ಪುಟ್ ಆಫ್ ಅಗೇನ್’ ಎಂದಿದ್ದರೆ, ಅಂದರೆ ‘ಮತ್ತೊಮ್ಮೆ’ ಎಂಬ ಪದವೊಂದು ಹೆಚ್ಚಿಗೆ ಇದ್ದಿದ್ದರೆ, ಅವನಿಗೆ ಅನುಮಾನ ಹುಟ್ಟಬೇಕಾಗಿತ್ತು. ಮುಂದೂಡುವುದು ಎಷ್ಟು ಸಲವಾದರೂ ಆಗಬಹುದು. ರದ್ದಾಗುವುದು ಎರಡನೆಯ ಸಲ ಆಗುವುದು ಅಪರೂಪ. ‘ಆಲ್ಟುಗೆದರ್’ ಎಂದಿದ್ದರೆ ಮಾತ್ರ ಹೆದರಿಕೆಗೆ ಕಾರಣವಿತ್ತು. ವ್ಯಾಪಾರಿಯೂ ಒಂದು ಪದ ಹೆಚ್ಚು ಬರೆಯುವ ಸೌಜನ್ಯ ತೋರಬಹುದಿತ್ತು ಎಂಬುದು ಬೇರೆ ಮಾತು.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಕಲಿಕೆಯ ವರ್ಷಗಳು ಹೆಚ್ಚಿದವು. ಕಲಿಸುವ ಬಗೆ ಅದೇ ಪ್ರಮಾಣದಲ್ಲಿ ಬದಲಾಯಿತೆಂದು ಹೇಳುವುದು ಕಷ್ಟ. ಇಂದಿಗೂ ಮಾರುಕಟ್ಟೆಯ ಗೈಡುಗಳಲ್ಲಿ ಜೋಡುಕ್ರಿಯಾಪದಗಳು ಎಡಗಡೆಗೆ, ಅರ್ಥ ಬಲಗಡೆಗೆ, ಜಮಾಖರ್ಚಿನ ಪುಸ್ತಕದಂತೆ ನಿಂತಿರುತ್ತವೆ. ಕುರುಗೋಡಿನ ಹುಡುಗಿಯೊಬ್ಬಳು ನೂರು ಜೋಡಿಗಳನ್ನು ಬಾಯಿಪಾಠ ಒಪ್ಪಿಸಿ, ಸಂದರ್ಶನದ ಕೊಠಡಿಯಲ್ಲಿ ‘ಟೇಕ್ ಆಫ್ ಯುವರ್ ಮಾಸ್ಕ್’ ಎಂದಾಗ ಗಾಬರಿಗೊಳ್ಳುವುದು ಅವಳ ದಡ್ಡತನವಲ್ಲ. ಅವಳ ಪಟ್ಟಿಯಲ್ಲಿ ‘ಟೇಕ್ ಆಫ್’ ಎಂದರೆ ವಿಮಾನ ಹಾರುವುದು. ತನ್ನ ಮನೆಯ ‘ತೂಗಿ ಹಾಕು’ ಮತ್ತು ‘ತೂಗಿಹಾಕು’ಗಳನ್ನು ಮೊದಲು ತೋರಿಸಿಕೊಟ್ಟಿದ್ದರೆ, ಒಂದೇ ಜೋಡಿಗೆ ಎರಡು ಬಾಳು ಇರುವುದು ಅವಳಿಗೆ ಹೊಸದಾಗಿ ತೋರುತ್ತಿರಲಿಲ್ಲ.

ಶಾಲೆಯ ಹೊರಗೆ ಕನ್ನಡವು ಈ ಕಿರುಪದಗಳ ಮೇಲೆ ತನ್ನ ಸೇಡನ್ನು ಸೊಗಸಾಗಿ ತೀರಿಸಿಕೊಂಡಿದೆ. ‘ಸ್ವಿಚ್ ಆಫ್’ ಎಂಬ ಜೋಡಿ ಬಂದಾಗ ಜನ ‘ಸ್ವಿಚ್’ ಎಂಬ ಕ್ರಿಯಾಪದವನ್ನು ಬದಿಗೆ ಸರಿಸಿ, ಕಿರುಪದವನ್ನಷ್ಟೇ ಇರಿಸಿಕೊ���ಡು, ಅದಕ್ಕೆ ‘ಮಾಡು’ ಮತ್ತು ‘ಆಗು’ಗಳನ್ನು ಹಚ್ಚಿದರು: ಆಫ್ ಮಾಡು, ಆನ್ ಆಯಿತು, ಔಟಾದ. ಇಂಗ್ಲಿಷಿನಲ್ಲಿ ಬಾಲವಾಗಿದ್ದುದು ಕನ್ನಡದಲ್ಲಿ ತಲೆಯಾಯಿತು. ಲಾಕಪ್, ಮೇಕಪ್, ಚೆಕಪ್, ಪಿಕಪ್ ಎಂಬವುಗಳಲ್ಲಿ ಎರಡನ್ನೂ ಕರಗಿಸಿ ಒಂದೇ ನಾಮಪದ ಮಾಡಿದರು. ಕ್ರಿಯಾವಿಶೇಷಣ ಎಲ್ಲಿ ನಿಲ್ಲಬೇಕೆಂಬ ರಗಳೆಯೇ ಅಲ್ಲಿಗೆ ಮುಗಿಯಿತು. ‘ಮೋಟಾರ್ ಪೂರ್ತಿ ಆಫ್ ಮಾಡು’ ಎನ್ನುವಲ್ಲಿ ‘ಪೂರ್ತಿ’ ಕನ್ನಡದ ಪದ್ಧತಿಯಂತೆ ಮುಂದುಗಡೆ ನಿಂತಿತು. ಕೆಲವೆಡೆ ಉತ್ಸಾಹ ಮೀರಿತೆಂಬುದೂ ನಿಜ. ‘ಕೋಪ್ ವಿತ್’ ಎನ್ನಬೇಕಾದಲ್ಲಿ ‘ಕೋಪ್ ಅಪ್ ವಿತ್’ ಎಂದು ಬೇಡದ ‘ಅಪ್’ ಸೇರಿತು, ‘ರಿಟರ್ನ್’ ಎಂಬುದಕ್ಕೆ ‘ಬ್ಯಾಕ್’ ಹತ್ತಿಕೊಂಡಿತು.

ಈ ಎಲ್ಲ ಪದಗಳ ಪೈಕಿ ಅತ್ಯಂತ ಯಶಸ್ವಿಯಾದದ್ದು ಬಸ್ಸಿನಲ್ಲಿದೆ. ಕುರುಗೋಡಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಓಡಾಡುವ ಬಸ್ಸುಗಳಲ್ಲಿ ಕಂಡಕ್ಟರು ಬಸ್ಸನ್ನು ಹೊರಡಿಸಲು ‘ರೈಟ್, ರೈಟ್’ ಎನ್ನುತ್ತಾನೆ, ನಿಲ್ಲಿಸಲು ‘ಹೋಲ್ಡಾನ್’ ಎನ್ನುತ್ತಾನೆ. ಒಂದು ಕ್ರಿಯಾವಿಶೇಷಣ, ಒಂದು ಜೋಡುಕ್ರಿಯಾಪದ. ಇಂಗ್ಲಿಷಿನಲ್ಲಿ ‘ಹೋಲ್ಡ್ ಆನ್’ ಎಂದರೆ ತುಸು ತಾಳು ಎಂದೂ ಬಿಡದೆ ಹಿಡಿದುಕೋ ಎಂದೂ ಆಗುತ್ತದೆ. ಕಂಡಕ್ಟರಿಗೆ ಎರಡನೆಯ ಅರ್ಥದ ಗೊಡವೆಯಿಲ್ಲ. ಹಿಂದಿನ ಸೀಟಿನಲ್ಲಿ ಬುಟ್ಟಿಯೊಂದಿಗೆ ಕುಳಿತ, ಒಂದಕ್ಷರ ಇಂಗ್ಲಿಷ್ ಬಾರದ ಮುದುಕಿ, ತನ್ನ ಊರಿನ ಅಡ್ಡದಾರಿ ಕಂಡೊಡನೆ ಕೂಗುತ್ತಾಳೆ: ‘ಯಪ್ಪಾ, ಸ್ವಲ್ಪ ಹೋಲ್ಡಾನ್ ಮಾಡಪ್ಪಾ!’ ಬಸ್ಸು ನಿಲ್ಲುತ್ತದೆ. ಅವಳ ‘ಸ್ವಲ್ಪ’ ನಿಲ್ಲಬೇಕಾದ ಜಾಗದಲ್ಲಿಯೇ ನಿಂತಿರುತ್ತದೆ.